ಎಂಜಿನ್ ಓಡುವ, ದೀಪ ಹತ್ತದ ಮನೆ

೧೯೫೪, ಡಿಸೆಂಬರ್ ೧೫, ಬುಧವಾರ. ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಸುಂಟಿಕೊಪ್ಪದಲ್ಲಿ ಬಸ್ಸಿಳಿದೆ. ಕುಶಾಲನಗರದ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಇದು ನನ್ನ ನಲವತ್ತೊಂದನೆಯ ರಿಪೇರಿ. ಹಿಂದಿನ ನಲವತ್ತರ ವಿವರ ಡೈರಿಯ ಕೊನೆಯ ಪುಟದಲ್ಲಿದೆ: ಫ್ಯೂಸ್ ಹದಿನೇಳು, ಬಲ್ಬ್ ಒಂಬತ್ತು, ಇಲಿ ಕಡಿದ ವೈರ್ ಆರು, ಸ್ವಿಚ್ ಹಾಕದೆಯೇ ನನ್ನನ್ನು ಕರೆಸಿದ್ದು ಐದು, ಕಾರಣ ತಿಳಿಯದೆ ತಾನಾಗಿ ಸರಿಹೋದದ್ದು ಮೂರು.

ಮನೆ ಪೇಟೆಯಿಂದ ಎರಡು ಮೈಲಿ. ಅರೆಭಾಷೆ ಗೌಡರ ಸಣ್ಣ ಕಾಫಿ ತೋಟ. ಹಗಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಎಂಜಿನ್ನಿಗೆ ಸಂಜೆ ಡೈನಮೋದ ಬೆಲ್ಟ್ ಹಾಕಿ ಮನೆಗೆ ದೀಪ ಕೊಡುತ್ತಿದ್ದರು. ಸುಗ್ಗಿಯ ಹುತ್ತರಿ ಹಬ್ಬ ಮುಗಿದ ಮಾರನೆಯ ದಿನದಿಂದ ದೀಪ ಹತ್ತಿರಲಿಲ್ಲ.

ಜಗಲಿಯಲ್ಲಿ ಮನೆಯ ಹಿರಿಯರಾದ ಅಜ್ಜ ಕೂತಿದ್ದರು.

"ಐದು ದಿನ ಎಂಜಿನ್ ಎಣ್ಣೆ ಕುಡಿದದ್ದೇ ಕುಡಿದದ್ದು ಮಾರಾಯ. ಬೆಳಕು ಒಂದು ಮಿಣುಕಿಲ್ಲ. ಕುಡುಕನಾದ್ರೂ ಕುಡಿದ ಮೇಲೆ ಒಂದು ಪದ ಹೇಳ್ತಾನೆ."

ಅವರ ಸೊಸೆ ನನ್ನನ್ನು ಎಂಜಿನ್ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಾ ಉಳಿದದ್ದನ್ನು ಹೇಳಿದರು. ಗೋಣಿಕೊಪ್ಪಲಿನವರು ಯಾರೋ ಡೈನಮೋ ಕ್ರಯಕ್ಕೆ ಕೇಳಿದ್ದಾರೆ. ಮಾವ ಒಪ್ಪಿದ್ದಾರೆ.

"ಮೂರು ಗಂಟೆಗೆ ಜೀಪ್ ಬರ್ತದೆ ತಮ್ಮ. ಅಷ್ಟರೊಳಗೆ ಹತ್ತಿದ್ರೆ ಹತ್ತಿತು. ಇಲ್ಲಾಂದ್ರೆ ನಾನು ಪುನಃ ಚಿಮಣಿ ದೀಪದಲ್ಲಿ ಸೂಜಿಗೆ ನೂಲು ಹಾಕ್ಬೇಕು."

ಅವರು ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಹಗಲು ತೋಟದ ಕೆಲಸ, ಹೊಲಿಗೆಗೆ ಸಿಗುತ್ತಿದ್ದದ್ದು ಸಂಜೆ ಮಾತ್ರ. ಡೈನಮೋ ತರಿಸಲು ಅವರು ಮಾವನ ಹತ್ತಿರ ಎರಡು ವರ್ಷ ಹೇಳಿದ್ದರಂತೆ.

ಒಂಬತ್ತೂವರೆಗೆ ಶುರುಮಾಡಿದೆ. ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ ಡೈನಮೋಕ್ಕೆ ನನ್ನ ಬಲ್ಬ್ ಕೊಟ್ಟು ನೋಡಿದೆ, ಚೆನ್ನಾಗಿ ಉರಿಯಿತು. ದೋಷ ಅಲ್ಲಿಗೂ ಮನೆಗೂ ನಡುವೆ ಎಲ್ಲೋ ಇರಬೇಕು. ಲೈನನ್ನು ತೋಟದ ನೆರಳಿಗೆ ಬೆಳೆಸಿದ ಹನ್ನೆರಡು ಸಿಲ್ವರ್ ಮರಗಳಿಗೆ ಕಟ್ಟಿದ್ದರು. ಹನ್ನೆರಡನ್ನೂ ಹತ್ತಿ ಇಳಿದೆ. ವೈರ್ ಎಲ್ಲೂ ತುಂಡಾಗಿರಲಿಲ್ಲ. ಮನೆಯೊಳಗೆ ಎಂಟು ಬಲ್ಬ್ ಬಿಚ್ಚಿ ಹಾಕಿದೆ. ಒಂದೂ ಸುಟ್ಟಿರಲಿಲ್ಲ.

ಜಗಲಿಯ ಗೋಡೆಯಲ್ಲಿ ಮೇನ್ ಸ್ವಿಚ್ ಇತ್ತು: ಕಪ್ಪು ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಹಿಡಿ. ಹಿಡಿ ಕಾಣಿಸುತ್ತಿರಲಿಲ್ಲ. ಹುತ್ತರಿಯ ರಾತ್ರಿ ಗದ್ದೆಯಿಂದ ತಂದ ಹೊಸ ಕದಿರನ್ನು ಎಲೆಯಲ್ಲಿ ಸುತ್ತಿ ಅದಕ್ಕೆ ಕಟ್ಟಿದ್ದರು. ಬಾಗಿಲು, ಕಂಬ, ಭತ್ತ ತುಂಬುವ ಪತ್ತಾಯ, ಬಾವಿಯ ರಾಟೆ, ಹೊಲಿಗೆ ಮೆಷಿನ್, ಎಂಜಿನ್ ಎಲ್ಲಕ್ಕೂ ಕಟ್ಟಿತ್ತು. ಎಣಿಸಿದೆ, ಇಪ್ಪತ್ತಮೂರು. ಹಾಸನದ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ. ಆದರೂ ಮೇನ್ ಎದುರು ಮೂರು ಸಲ ನಿಂತು ಮೂರು ಸಲವೂ ಕೈ ಹಾಕಲಿಲ್ಲ. ಅಜ್ಜನ ಮಗ ಮೊದಲೇ ಹೇಳಿದ್ದರು: "ಮೇನ್ ನಾನು ದಿನಾ ನೋಡ್ತೇನೆ. ಕೈ ಮುಗಿದು ಬರ್ತೇನೆ."

ಎರಡು ಗಂಟೆಗೆ ಊಟ ಹಾಕಿದರು. ನೆಲದಲ್ಲಿ ಕೂತಾಗ ಪೆಟ್ಟಿಗೆ ಕೆಳಗಿನಿಂದ ಕಂಡಿತು. ಕದಿರು ಕಟ್ಟಿದ ನಾರು ಹಿಡಿಯಿಂದ ಇಳಿದು, ಪೆಟ್ಟಿಗೆಯ ಕೆಳಗೆ ವೈರ್ ಬರುವ ಪೈಪಿನ ಕೊಕ್ಕೆಗೆ ಎರಡು ಸುತ್ತು ಸುತ್ತಿ ಬಿಗಿದಿತ್ತು. ಹಿಡಿ ಪೂರ್ತಿ ಕೆಳಗಿತ್ತು. ಆ ಸ್ವಿಚ್ಚಿಗೆ ಮೇಲೆ ಅಂದರೆ ಚಾಲು, ಕೆಳಗೆ ಅಂದರೆ ಬಂದ್. ಹುತ್ತರಿಯ ರಾತ್ರಿ ಎಂಜಿನ್ನಿಗೆ ರಜೆ, ಮನೆ ತುಂಬ ಎಣ್ಣೆ ದೀಪ. ಬಂದ್ ಆದದ್ದು ಯಾರಿಗೂ ಗೊತ್ತಾಗಿರಲಿಲ್ಲ.

"ಅಜ್ಜ, ಇದು ಯಾರು ಕಟ್ಟಿದ್ದು?"

"ನಾನು. ಮತ್ತೆ ಯಾರು? ನಾನು ಕಟ್ಟಿದ್ದು ಒಂದಾದ್ರೂ ಬಿದ್ದದ್ದುಂಟಾ ಕೇಳು."

"ಗಟ್ಟಿ ಉಂಟು."

"ಗಟ್ಟಿ ಇರ್ಬೇಕಲ್ಲ."

"ಅದೇ. ಹಿಡಿ ಕೆಳಗೆ ಬಂದು ಸ್ವಿಚ್ ಬಂದ್ ಆಗಿದೆ."

ಮಗ ಅನ್ನ ನೋಡಿದರು. ಸೊಸೆ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಅಜ್ಜ ಎದ್ದು ಬಂದು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು.

"ಬಿಚ್ಚುವ ಹಾಗಿಲ್ಲ. ಬರುವ ಹುತ್ತರಿವರೆಗೆ ಕದಿರು ಅಲ್ಲೇ ಇರ್ಬೇಕು."

ಗಂಟೆ ಎರಡೂ ಮೂವತ್ತೈದು.

"ಬಿಚ್ಚೋದು ಬೇಡ ಮಾವ," ಎಂದರು ಸೊಸೆ. "ಕೊಕ್ಕೆಗೆ ಸುತ್ತಿದ್ದು ಮಾತ್ರ ಜಾರಿಸುವ. ಕದಿರು ಹಿಡಿಯಲ್ಲೇ ಇರ್ತದೆ." ದಪ್ಪ ಸೂಜಿಯನ್ನೂ ತಂದರು.

"ಕೊಡು ಇಲ್ಲಿ. ಕಟ್ಟಿದವನೇ ಸಡಿಲ ಮಾಡ್ಬೇಕು."

ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಗ ಕೊಟ್ಟಿಗೆಗೆ ಹೋಗಿ ಎಂಜಿನ್ ಓಡಿಸಿದ್ದರು. ನಾನು ಕದಿರಿನ ಸಮೇತ ಹಿಡಿಯನ್ನು ಮೇಲೆತ್ತಿದೆ. ಹಾಡುಹಗಲಲ್ಲಿ ಎಂಟು ಬಲ್ಬ್ ಹತ್ತಿದವು. ಸೊಸೆ ಮೆಷಿನ್ನನ್ನು ಎಳೆದು ತಂದು ಬಲ್ಬಿನ ಸರಿ ಕೆಳಗೆ ಇಟ್ಟರು.

ಮೂರೂ ಹತ್ತಕ್ಕೆ ಜೀಪ್ ಬಂತು. ಅಜ್ಜ ಅಂಗಳಕ್ಕಿಳಿದು, "ಡೈನಮೋ ಸರಿ ಉಂಟು, ಕೊಡುವುದಿಲ್ಲ. ಕಾಫಿ ಕುಡ್ಕೊಂಡು ಹೋಗಿ," ಎಂದರು. ಏನಾಗಿತ್ತು ಎಂದು ಜೀಪಿನವರು ಕೇಳಿದಾಗ, "ವೈರಿಂದು ಎಂತದೋ. ಈ ಮೇಸ್ತ್ರಿಗೇ ಗೊತ್ತು," ಎಂದು ನನ್ನನ್ನು ನೋಡಿದರು. ಗೊತ್ತು ಎಂದೆ.

ನಾನು ಹೊರಡುವಾಗ ಅಜ್ಜ ಗೇಟಿನವರೆಗೆ ಬಂದರು. "ಬರುವ ಹುತ್ತರಿಗೆ ನೀನೂ ಬಾ. ಎಲ್ಲಿ ಕಟ್ಟೋದು ಅಂತ ಒಮ್ಮೆ ತೋರಿಸಿ ಹೋಗು."

ಮರುವರ್ಷ, ಅಂದರೆ ಈಗ ಹೋದ ಹುತ್ತರಿಗೆ, ಹೋಗಿದ್ದೆ. ಅಜ್ಜ ನನ್ನನ್ನು ಕೇಳಿ ಕದಿರನ್ನು ಪೆಟ್ಟಿಗೆಯ ಮೇಲಿನ ಮೊಳೆಗೆ ಕಟ್ಟಿದರು. ಆಮೇಲೆ ಎಂಜಿನ್ ಓಡಿಸಿ ದೀಪ ಹಾಕಿ ನೋಡಿದೆವು. ಆದರೆ ಅದು ಸರಿಯಾದ ಜಾಗವೇ ಎಂದು ಹೇಳುವ ಅಧಿಕಾರ ನನಗಿಲ್ಲ. ನೇಗಿಲಿಗೆ, ಪತ್ತಾಯಕ್ಕೆ ಕಟ್ಟುವ ಜಾಗ ಹಿರಿಯರಿಗೆ ಗೊತ್ತು. ಮೇನ್ ಸ್ವಿಚ್ಚಿನದು ಯಾರಿಗೂ ಗೊತ್ತಿದ್ದಂತಿಲ್ಲ. ಕರೆಂಟು ಇರುವ ಬೇರೆ ಮನೆಗಳಲ್ಲಿ ಎಲ್ಲಿ ಕಟ್ಟುತ್ತಾರೆಂದು ತಿಳಿದವರು ದಯವಿಟ್ಟು ನನಗೆ ಒಂದು ಕಾರ್ಡು ಬರೆಯಿರಿ. ಕದಿರು ಕಟ್ಟುವ ಜಾಗಗಳ ನನ್ನ ಪಟ್ಟಿಯಲ್ಲಿ ಈಗ ಒಂದೇ ಮನೆ ಇದೆ.