ಬೋಟಭರದ ದತ್ತೂ ಸರ್

ಎದೆಯ ಮೇಲಿನ ಗುರುತನ್ನು ಸರಿಸಿದವಳು ನಾನು. ಯಂತ್ರದ ತಪ್ಪೂ ಇರಲಿಲ್ಲ, ಅದನ್ನು ನಡೆಸುವ ಸವಿತಾಳ ತಪ್ಪೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ; ನಮ್ಮೂರು ಯೆಣೆಗೂರಿನ ತುಂಬ ನನ್ನ ಸೊಸೆ ಬೇರೆಯೇ ಕತೆ ಹೇಳಿಕೊಂಡು ತಿರುಗುತ್ತಾಳೆ.

ದತ್ತೂ ಸರ್ ಉದಗೀರದವರು. ಎಡ ಎದೆಯ ಕ್ಯಾನ್ಸರ್ ಗಂಟು ತೆಗೆದ ಮೇಲೆ ನಾನು ಕಿರಣ ಕೊಡಿಸಿಕೊಳ್ಳಲು ಹೋಗುತ್ತಿದ್ದ ದವಾಖಾನೆಯಲ್ಲಿ ಯಂತ್ರದ ಅಳತೆ ನೋಡುವ ಕೆಲಸ ಅವರದು. ಡಾಕ್ಟರರಲ್ಲ, ಆದರೆ ಅವರು ಹೂಂ ಅನ್ನದೆ ಡಾಕ್ಟರರೂ ಯಂತ್ರ ಹಚ್ಚಿಸುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಒಂದು ಪುಟ್ಟ ರಸಮಟ್ಟ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ, ಓಡಿದರೆ ತಪ್ಪು. ಭೂಕಂಪದ ನಂತರ ಸಾಸ್ತೂರಿನಲ್ಲಿ ಮನೆ ಕಟ್ಟುವಾಗ ನಾನು ಕಲ್ಲು ಹೊತ್ತವಳು. ಗೋಡೆ ಕಟ್ಟುವ ಗವಂಡಿಗಳ ಕೈಯಲ್ಲಿ ಅದನ್ನು ಕಂಡಿದ್ದೆ. ಅವರಿಗೂ ಹಾಗೆಂದು ಹೇಳಿದೆ.

"ಇಲ್ಲಿ ಗ್ವಾಡಿ ಕಟ್ಟತೀರೇನ್ರಿ?" ಅಂದೆ.

"ಹೌದ್ರಿ ಆಜೀ. ನಿಮ್ಮದೇ ಗ್ವಾಡಿ."

ದಿನವೂ ಬೆಳಿಗ್ಗೆ ಮನುಷ್ಯರಿಗಿಂತ ಮೊದಲು ಒಂದು ನೀರಿನ ಡಬ್ಬಿಗೆ ಕಿರಣ ಬಿಟ್ಟು, ಎಷ್ಟು ಬಿತ್ತೆಂದು ಅಳೆಯುತ್ತಿದ್ದರು. ಅಲ್ಲಿಯತನಕ ನಾವು ಬೆಂಚಿನ ಮೇಲೆ. "ನೀರಿಗೇನ್ ರೋಗ ಬಂದದ?" ಎಂದು ಕೇಳಿದರೆ, "ನೀರು ಸುಳ್ಳ ಹೇಳಂಗಿಲ್ರಿ. ನೀವು ಹೇಳ್ತೀರಿ" ಎನ್ನುತ್ತಿದ್ದರು.

ಹೇಳಿದೆ ಕೂಡ. ಕಿರಣ ಎಲ್ಲಿ ಬೀಳಬೇಕೆಂದು ಯಂತ್ರ ನಡೆಸುವ ಹುಡುಗಿ ಸವಿತಾ ಎದೆಯ ಮೇಲೆ ಶಾಯಿಯ ಗುರುತು ಹಾಕಿದ್ದಳು. ತೊಳೆಯಬೇಡಿ ಎಂದಿದ್ದಳು. ಸೋಮವಾರ ಲಿಂಗಪೂಜೆಗೆ ಕೂಡುವ ಮುಂಚೆ ಮೈ ಉಜ್ಜದೆ ಇರಲಿಕ್ಕಾಗುತ್ತದೆಯೇ? ಗುರುತು ಹೋಯಿತು. ಕೊರಳಿನ ಲಿಂಗದ ಕರಡಿಗೆ ತೂಗುವ ಜಾಗದಿಂದ ಎರಡು ಬೆರಳು ಎಡಕ್ಕೆ, ನನಗದು ಬಾಯಿಪಾಠ. ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ನಾನೇ ಬರೆದುಕೊಂಡೆ. ಕರಡಿಗೆ ಕಟ್ಟುವ ಶಿವದಾರ ಹರಿದಿತ್ತೆಂದು ಹಿಂದಿನ ದಿನವಷ್ಟೇ ಹೊಸದು, ಉದ್ದನೆಯದು ಕಟ್ಟಿಕೊಂಡದ್ದು ನೆನಪೇ ಆಗಲಿಲ್ಲ.

ಮಲಗಿಸಿದರು. ಗೋಡೆಯಿಂದ ಬರುವ ಕೆಂಪು ಬೆಳಕಿನ ಗೆರೆಗಳು ನನ್ನ ಗುರುತಿನ ಮೇಲೆ ಬಂದು ಕೂಡಿದವು. ಗೆದ್ದೆ ಅಂದುಕೊಂಡೆ. ಆದರೆ ಕಿರಣಕ್ಕೆ ಮುಂಚೆ ತೆಗೆದ ಚಿತ್ರದಲ್ಲಿ ನನ್ನ ಎಲುಬುಗಳು ಹಳೆಯ ಚಿತ್ರಕ್ಕೆ ಕೂಡಲಿಲ್ಲವಂತೆ. ದತ್ತೂ ಸರ್ ಒಳಗೆ ಬಂದರು.

"ಬೋಟಭರ ತೆಳಗ ಸರದದ. ಯಾರು ಬರದಾರ ಇದು?"

ಬೋಟಭರ ಅಂದರೆ ಒಂದು ಬೆರಳಗಲ. ಸವಿತಾಳ ಮುಖ ಬಿಳಿಚಿತು. "ನಾನೇ ರೀ ಸರ್... ಆದ್ರ ಇಲ್ಲಿ ಅಲ್ಲ..."

"ಆಜೀ, ತೊಳಕೊಂಡೀರೇನು?"

"ಇಲ್ಲ," ಅಂದೆ. "ಅಲ್ರಿ, ಬೋಟಭರಕ್ಕ ಏನ್ ಮುಳಗತದ?"

"ಇದರ ತೆಳಗ ನಿಮ್ಮ ಗುಂಡಿಗಿ ಅದ. ಬ್ಯಾಡಾದಲ್ಲಿ ಕಿರಣ ಬೀಳ್ತದ, ಬೇಕಾದಲ್ಲಿ ಬೀಳಂಗಿಲ್ಲ. ಸಾಸ್ತೂರಾಗ ಬೋಟಭರ ಸೊಟ್ಟ ಗ್ವಾಡಿ ಕಂಡ್ರ ಗವಂಡಿ ಏನ್ ಮಾಡ್ತಿದ್ದ?"

"ಕೆಡವತಿದ್ದ."

ಸವಿತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಆಕೀಗಿ ಏನೂ ಅನಬ್ಯಾಡ್ರಿ," ಅಂದೆ. "ನಾನೇ ಬರದೀನಿ."

ಸ್ಕೆಚ್ ಪೆನ್ನು, ಉದ್ದ ದಾರ ಎಲ್ಲ ಕೇಳಿ ಮನುಷ್ಯ ಕನ್ನಡಕ ಜಾರುವಷ್ಟು ನಕ್ಕರು. ಮತ್ತೆ ಅಳೆದು, ಹೊಸ ಗುರುತು ಹಾಕಿ, ಕಿರಣ ಕೊಡುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೆಂಚಿನವರೆಲ್ಲ ಬೈದರು. ಬೈಸಿಕೊಂಡೆ.

ನನ್ನ ಕೊನೆಯ ದಿನ ರಸಮಟ್ಟವನ್ನು ನನ್ನ ಕೈಗಿಟ್ಟರು. ಅವರಿಗೂ ನಾಗಪುರದಲ್ಲಿ ಬೇರೆ ಕೆಲಸ ಸಿಕ್ಕಿತ್ತು.

"ಇದು ಕೂದಲೆಳಿಯಷ್ಟು ತಪ್ಪ ತೋರಸ್ಲಿಕತ್ತದ. ಯಂತ್ರಕ್ಕ ನಡ್ಯಂಗಿಲ್ಲ, ನಿಮಗ ನಡೀತದ."

"ನಾ ಯಂತ್ರಕ್ಕಿಂತ ಕಡಿಮಿ ಏನ್?"

"ನೀವು ಅದಕ್ಕಿಂತ ಜಾಸ್ತಿ ಸರೀತೀರಿ ಆಜೀ."

ಆಮೇಲೆ ಅವರನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕೂಡುವ ಮಣೆಯ ಮೇಲೆ ಅದನ್ನಿಟ್ಟೆ. ಗುಳ್ಳೆ ಎಡಕ್ಕೆ ಓಡಿತು. ಮದುವೆಯಾಗಿ ಬಂದಾಗಿನಿಂದ ಸೊಟ್ಟ ಮಣೆಯ ಮೇಲೆ ಕೂತಿದ್ದೆ ಎಂದಾಯಿತು. ದವಾಖಾನೆಗೆ ಓಡಾಡಿದ ಬಸ್ಸಿನ ಟಿಕೀಟುಗಳನ್ನು ಮಡಚಿ ಮಣೆಯ ಬಲಗಡೆಯ ಕಾಲಿನ ಕೆಳಗೆ ತುರುಕಿದೆ. ಗುಳ್ಳೆ ನಡುವೆ ಬಂದು ನಿಂತಿತು. ಆಮೇಲೆ ಕೂತೆ.