ಕಂಬಕ್ಕೆ ಅಂಟಿಸಿದ ಬ್ಲಾಗು

ಡ್ಯಾನ್ಯೂಬ್ ನದಿಯ ದಡದಲ್ಲಿರುವ ರೂಸೆ ಊರಿನ ತೆಮೆನುಗಾಗೆ ಒಂದು ಕಾಲದಲ್ಲಿ ಎರಡು ಹೆಸರು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವಾಗ ತೆಮೆನುಗಾ. ಸಂಜೆ ಕಾಫಿ ಕಾಯಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ 'ಮೂರನೇ ಮಹಡಿಯವಳು'. ಅವಳ ಬ್ಲಾಗಿನ ಹೆಸರೂ ಅದೇ. ಓದುಗರಿಗೆ ಅವಳ ಮುಖ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬರೆದದ್ದು ಘನಂದಾರಿ ವಿಷಯವೇನಲ್ಲ. ಶರತ್ಕಾಲದಲ್ಲಿ ಬಾಲ್ಕನಿಯಲ್ಲಿ ಕೆಂಪು ದೊಣ್ಣೆಮೆಣಸು ಸುಡುತ್ತ ಕೂತರೆ ಇಡೀ ಕಟ್ಟಡದ ಹೊಟ್ಟೆ ತಾಳ ಹಾಕುತ್ತಿದ್ದುದು. ಬೀದಿಯ ಲಿಂಡನ್ ಮರ ಹೂಬಿಟ್ಟ ವಾರ ಆ ಪರಿಮಳ ಬಿಟ್ಟು ಕೆಲಸಕ್ಕೆ ಹೋಗಲು ಕಾಲೇ ಏಳದಿದ್ದುದು. ಡ್ಯಾನ್ಯೂಬಿನ ಮಂಜು ಬೀದಿಗೆ ನುಗ್ಗಿ ಎದುರು ಮನೆಯ ಕಿಟಕಿಗಳನ್ನೆಲ್ಲ ಒರೆಸಿಹಾಕಿದ್ದು. ಬರೆದು, ಗುಂಡಿ ಒತ್ತಿ, ಕಿಟಕಿ ತೆರೆದು ನಿಲ್ಲುತ್ತಿದ್ದಳು. ಆಗ ಅವಸರವೆಂಬುದು ಇರಲಿಲ್ಲ. ಯಾರೋ ಎಲ್ಲೋ ಓದುತ್ತಿದ್ದಾರೆ ಎಂಬ ಒಂದೇ ಯೋಚನೆಯಲ್ಲಿ ಮನಸ್ಸು ತೇಲುತ್ತಿತ್ತು.

ಆ ಯಾರೋಗಳಲ್ಲಿ ಒಬ್ಬನ ಮೇಲೆ ಅವಳಿಗೆ ವಿಶೇಷ ಪ್ರೀತಿ. ಅವಳ ಬರಹದ ಕೆಳಗೆ ಒಂದೆರಡು ಸಾಲು ಬರೆದು 'ಹಡಗಿನ ಅಡುಗೆಯವ' ಎಂದು ಸಹಿ ಹಾಕುತ್ತಿದ್ದ. ಸರಕು ಎಳೆಯುವ ಹಡಗಿನಲ್ಲಿ ನದಿಯುದ್ದಕ್ಕೂ ತಿರುಗುವವನು. ಊರು ಮಾತ್ರ ರೂಸೆಯೇ. 'ಲಿಂಟ್ಸ್ ಹತ್ತಿರ ನಿಂತಿದ್ದೇವೆ. ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿದೆ. ನಿಮ್ಮ ಲಿಂಡನ್ ವಾಸನೆ ಇಲ್ಲಿಗೂ ಬಂತು' ಎಂದು ಬರೆದರೆ ಅವಳಿಗೆ ಅಂದು ಊಟ ಸೇರುತ್ತಿರಲಿಲ್ಲ, ಅಷ್ಟು ಸಂತೋಷ.

ಆಮೇಲೆ ಜನರೆಲ್ಲ ಫೇಸ್‌ಬುಕ್ಕಿಗೆ ಗುಳೆ ಎದ್ದರು. ಅಲ್ಲಿ ಸಾರು ಕುದಿಯುವವರೆಗೆ ಕಾಯುವ ವ್ಯವಧಾನ ಯಾರಿಗಿದೆ? ಹೆಬ್ಬೆರಳು ತೋರಿಸಿದರೆ ನೆಂಟಸ್ತನ ಮುಗಿಯಿತು. ಒಂದು ಚಳಿಗಾಲ ಅಡುಗೆಯವನ ಸಾಲುಗಳೂ ನಿಂತುಹೋದವು. ಇನ್ನಷ್ಟು ದಿನ ಅವಳೊಬ್ಬಳೇ ಬರೆದಳು, ಖಾಲಿ ಕೋಣೆಯಲ್ಲಿ ಮಾತಾಡಿದ ಹಾಗೆ. ಕೊನೆಗೆ ಬಿಟ್ಟಳು.

ಮೊನ್ನೆ ವಸಂತದಲ್ಲಿ, ಬ್ಲಾಗುಗಳಿಗೆ ಜಾಗ ಕೊಟ್ಟಿದ್ದ ಕಂಪನಿ, ತಿಂಗಳ ಕೊನೆಗೆ ಎಲ್ಲವನ್ನೂ ಅಳಿಸುತ್ತೇವೆ ಎಂದಿತು. ಬರಹಗಳನ್ನು ತೆಮೆನುಗಾ ಉಳಿಸಿಕೊಂಡಳು. ಉಳಿಸಿಕೊಳ್ಳಲಾಗದ್ದು ಆ ಅಡುಗೆಯವನನ್ನು. ಇದ್ದಾನೋ ಹೋದನೋ? ಹೆಸರಿಲ್ಲ, ವಿಳಾಸವಿಲ್ಲ. ಈ ಬಾಗಿಲೂ ಮುಚ್ಚಿದರೆ ಅವನು ತನ್ನನ್ನು ಹುಡುಕಲು ದಾರಿಯೇ ಉಳಿಯುವುದಿಲ್ಲ ಎಂಬುದು ಅವಳಿಗೆ ತಡೆಯಲಾಗದ ಸಂಕಟವಾಯಿತು.

"ಫೇಸ್‌ಬುಕ್ಕಲ್ಲಿ ಹಾಕೇ" ಎಂದಳು ತಂಗಿ.

"ಅವನು ಅಲ್ಲಿರೋನಲ್ಲ ಕಣೇ."

ಈ ಊರಿನಲ್ಲಿ ವಯಸ್ಸಾದವರು ಪತ್ರಿಕೆ ಓದದಿದ್ದರೂ ಕಂಬ ಓದುತ್ತಾರೆ. ಯಾರೇ ಸತ್ತರೂ ಫೋಟೋ ಸಮೇತ ಮರಣಪತ್ರ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮರಕ್ಕೆ ಬೀಳುತ್ತದೆ. ದಾರಿಹೋಕರು ನಿಂತು ಓದಿ, ಲೊಚಗುಟ್ಟಿ ಮುಂದೆ ಹೋಗುತ್ತಾರೆ. ತೆಮೆನುಗಾ ಅಂಥದ್ದೇ ಒಂದನ್ನು ಅಚ್ಚು ಹಾಕಿಸಿದಳು. ಕಪ್ಪು ಅಂಚು, ಬಾಲ್ಕನಿಯ ಫೋಟೋ, 'ನಮ್ಮ ಪ್ರೀತಿಯ ಮೂರನೇ ಮಹಡಿಯವಳು ಇನ್ನಿಲ್ಲ. ಓದಿದವರೆಲ್ಲ ನೆನೆಯಿರಿ' ಎಂಬ ಸಾಲು, ಕೆಳಗೆ ಮನೆಯ ವಿಳಾಸ. ತನ್ನ ತಮಾಷೆಗೆ ತಾನೇ ನಗುತ್ತ ಕಟ್ಟಡದ ಬಾಗಿಲಿಗೂ ನದೀತೀರದ ಕಂಬಗಳಿಗೂ ಅಂಟಿಸಿ ಬಂದಳು.

ಮೊದಲು ಬಾಗಿಲು ಬಡಿದವಳು ಕೆಳಮನೆಯ ಪೆನ್ಕಾ ಅಜ್ಜಿ.

"ಯಾರೇ ಸತ್ತಿದ್ದು? ಮೂರನೇ ಮಹಡೀಲಿ ನೀನೊಬ್ಬಳೇ ಅಲ್ವೇನೇ ಇರೋದು?"

"ಬ್ಲಾಗು ಅಜ್ಜಿ. ಕಂಪ್ಯೂಟರಲ್ಲಿ ಬರೀತಿದ್ನಲ್ಲ, ಅದು."

"ಅದಕ್ಕೆ ಗೋಧಿ ಬೇಯಿಸಿದ್ಯಾ?"

"ಅದಕ್ಕ್ಯಾಕೆ ಗೋಧಿ?"

"ಮರಣಪತ್ರ ಅಂಟಿಸಿ ಗೋಧಿ ಹಂಚದೆ ಇರ್ತಾರಾ? ಒಳ್ಳೇ ಕರ್ಮ ನಿಂದು!" ಎಂದು ಬೈದು ಹೋದವಳು ಮಾರನೆಯ ದಿನ ಸಕ್ಕರೆ ಹಾಕಿದ ಬೆಂದ ಗೋಧಿಯನ್ನು ತಾನೇ ಬಟ್ಟಲು ತುಂಬ ತಂದಿಟ್ಟಳು.

ತಿಂಗಳು ಮುಗಿಯಿತು. ಬ್ಲಾಗಿನ ವಿಳಾಸ ಒತ್ತಿದರೆ ಬಿಳಿ ಹಾಳೆ. ಮಳೆಗೆ ಹೆಚ್ಚಿನ ಪತ್ರಗಳು ಕಿತ್ತು ಬಂದವು. ಯಾರೂ ಬರಲಿಲ್ಲ. ಮಾಡಿದ್ದು ಮಂಗಾಟವಾಯಿತೆಂದು ಅವಳು ನಾಚಿಕೊಂಡಳು.

ಲಿಂಡನ್ ಹೂಬಿಟ್ಟ ಒಂದು ಭಾನುವಾರ ಕರೆಗಂಟೆ ಸದ್ದಾಯಿತು. ಹೊರಗೆ ಮುದುಕನೊಬ್ಬ, ಇಸ್ತ್ರಿ ಮಾಡಿದ ಹಳೆಯ ಕೋಟು, ಕೈಯಲ್ಲಿ ನಾಲ್ಕು ಕೆಂಪು ಕಾರ್ನೇಷನ್ ಹೂ.

"ಕ್ಷಮಿಸಿ ತಾಯಿ, ತಡ ಆಯ್ತು. ಆಸ್ಪತ್ರೇಲಿದ್ದೆ, ಮೊನ್ನೆ ಕಂಬದಲ್ಲಿ ನೋಡಿದೆ. ನಾನು ದಾಮ್ಯಾನ್. ಈ ಮನೆಯೋರು ಬರೀತಿದ್ರಲ್ಲ, ನಾನು ಓದ್ತಿದ್ದೆ. ಹಡಗಲ್ಲಿ ಅಡುಗೆ ಮಾಡ್ತಿದ್ದೆ. ನೀವು ಅವರಿಗೆ ಏನಾಗ್ಬೇಕು?"

ತೆಮೆನುಗಾ ಬಾಗಿಲನ್ನು ಪೂರ್ತಿ ತೆರೆದಳು. "ನಾನೇ... ಅವಳು ನಾನೇ. ಸತ್ತಿದ್ದು ಬ್ಲಾಗು."

ಮುದುಕ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೋಪವೋ ನಗುವೋ ತಿಳಿಯದ ಹಾಗೆ ಅವನ ತುಟಿ ಅದುರಿತು.

"ಮತ್ತೆ ನೀವ್ಯಾಕೆ ಬರೆಯೋದು ನಿಲ್ಲಿಸಿದ್ರಿ?" ಕೇಳಿದಳು.

"ಕಂಪ್ಯೂಟರ್ ಹಡಗಿನದು. ಪಿಂಚಣಿ ಕೊಟ್ಟು ಇಳಿಸಿದ್ರು, ಮುಗೀತು. ಈ ಬೀದಿಗೆ ಎಷ್ಟೋ ಸಲ ಬಂದಿದ್ದೀನಿ. ಮರ ನೋಡಿ, ಬಾಲ್ಕನಿ ನೋಡಿ ಗುರುತು ಹಿಡಿದೆ. ಮೇಲೆ ಬರೋಕೆ ನಾಚಿಕೆ. ಏನಂತ ಬರಲಿ? ಸತ್ತೋರ ಮನೆಗಾದ್ರೆ ಯಾರು ಬೇಕಾದ್ರೂ ಬರಬಹುದು."

ಇಷ್ಟು ವರ್ಷ ಇವನು ಕೆಳಗೇ ನಿಂತು ವಾಪಸು ಹೋಗುತ್ತಿದ್ದನೆಂದು ಕೇಳಿ ಅವಳಿಗೆ ಅಳು ತಡೆಯಲಿಲ್ಲ. ಗಳಗಳನೆ ಅತ್ತಳು.

ದಾಮ್ಯಾನ್ ತನ್ನ ಕೈಯನ್ನೊಮ್ಮೆ ನೋಡಿಕೊಂಡು ಗಾಬರಿಯಾದ. ಇಲ್ಲಿ ಸತ್ತವರಿಗೆ ಸಮಸಂಖ್ಯೆಯ ಹೂ, ಬದುಕಿರುವವರಿಗೆ ಬೆಸ. ಅವಸರವಸರವಾಗಿ ಒಂದನ್ನು ಎಳೆದು ಕೋಟಿನ ಜೇಬಿಗೆ ತುರುಕಿ, ಉಳಿದ ಮೂರನ್ನು ಮುಂದೆ ಚಾಚಿದ.

"ಈಗ ಸರಿಯಾಯ್ತು. ತಗೊಳ್ಳಿ."