ಐದು ವರ್ಷ ತುಂಬದ ಕಾರ್ಖಾನೆಗಳು

ಹುಬ್ಬಳ್ಳಿಯಲ್ಲಿ ಶಿರಸಿ ಬಸ್ಸು ಹತ್ತಿದಾಗ, ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ ಹರಿದ ಕಂಡಕ್ಟರ್, "ಶಿರಸ್ಯಾಗ ಏನ್ ಕೆಲಸ್ರೀ ಅಕ್ಕಾರ?" ಎಂದ. "ಸತ್ತ ಕಾರ್ಖಾನೆ ನೋಡಾಕ" ಎಂದೆ. ಅವನು ನನ್ನನ್ನೊಮ್ಮೆ ನೋಡಿ ಮುಂದಿನ ಸೀಟಿಗೆ ಹೋದ.

ನನ್ನ ಕೆಲಸವೇ ಅಂಥದ್ದು. ಕಾರ್ಮಿಕರ ಭವಿಷ್ಯನಿಧಿಯ ಸರ್ಕಾರಿ ದಾಖಲೆಗಳನ್ನು ಕಂಪ್ಯೂಟರಿನಲ್ಲಿಟ್ಟು, ಯಾವ ಕಾರ್ಖಾನೆ ಎಷ್ಟು ಕಾಲ ಬಾಳಿತು ಎಂದು ನೋಡುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗೇರುಬೀಜ ಕಾರ್ಖಾನೆಗಳು ಐದು ವರ್ಷ ತುಂಬುವ ಮೊದಲೇ ಮುಚ್ಚಿಹೋಗುತ್ತಿದ್ದವು. ರಸ್ತೆ ಸರಿಯಿಲ್ಲ, ಕರೆಂಟಿಲ್ಲ ಎಂದು ಆಫೀಸಿನಲ್ಲಿ ಕೂತೇ ಕಾರಣ ಬರೆದುಬಿಟ್ಟಿದ್ದೆ. ಬಸ್ಸು ಶಿರಸಿ ಹತ್ತಿರದ ಎಕ್ಕಂಬಿ ದಾಟಿದರೂ ಸೆಕೆ ಇಳಿಯಲಿಲ್ಲ.

ಮರುದಿನ ಶಿರಸಿಯಲ್ಲಿ ಬನ್ಸ್ ತಿಂದು ಸಿದ್ದಾಪುರಕ್ಕೆ ಹೋದೆ. ಮುಚ್ಚಿದ ಕಾರ್ಖಾನೆಯ ವಿಳಾಸ ಹುಡುಕಿದರೆ ಅಲ್ಲಿ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಬಾಗಿಲ ಮೇಲೆ ಬೇರೆ ಹೆಸರಿನ ಬೋರ್ಡು. ಎದುರಿನ ಚಾ ಅಂಗಡಿಯಲ್ಲಿ ಮಾದೇವಿ ಎಂಬ ಹೆಂಗಸು ಕೂತಿದ್ದಳು. ಗೇರುಬೀಜದ ಸೊನೆ ತಾಗಿ ಬೆರಳುಗಳು ಕಪ್ಪಾಗಿದ್ದವು. ಕಾರ್ಖಾನೆ ಮುಚ್ಚಿದ್ದು ಯಾವಾಗ ಎಂದು ಅವಳನ್ನೇ ಕೇಳಿದೆ.

"ಎಂತ ಮುಚ್ಚೂದು ಮಾರಾಯ್ರೆ? ಬೋರ್ಡ್ ಬದ್ಲಾಗ್ತದೆ ಅಷ್ಟೇ. ಐದು ವರ್ಷ ತುಂಬೂಕೆ ಬಂತು ಅಂದ್ರೆ ಹಳೇದು ಬಿಟ್ಟೆ ಅಂತ ಸೈನ್ ಮಾಡ್ಸ್ತ್ರು, ಹೊಸ್ದಕ್ಕೆ ಸೇರ್ಸ್ತ್ರು. ಕೂತ್ಕಣೂ ಮಣೆ ಸೈತ ಅದೇ."

ಐದು ವರ್ಷ ಒಂದೇ ಕಡೆ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಎಂಬ ಇಡಿಗಂಟು ಕೊಡಬೇಕು; ಬೋರ್ಡು ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ. ಮಾದೇವಿಗೆ ಮದುವೆಯಾದಾಗಿನಿಂದ ಅದೇ ಮಣೆ. ಬೆರಳು ಮಡಚಲಾಗದಾದಾಗ ಬರಿಗೈಯಲ್ಲಿ ಕಳಿಸಿದರು. ಕಾರ್ಮಿಕ ಕಚೇರಿಗೆ ದೂರು ಕೊಟ್ಟಿದ್ದಳು. ಅಲ್ಲಿ ಸಾಕ್ಷಿ ಕೇಳುತ್ತಿದ್ದರು. ಒಳಗಿರುವವರು ಕೆಲಸ ಹೋದೀತೆಂದು ಬಾಯಿ ಬಿಡುತ್ತಿರಲಿಲ್ಲ.

ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಅದರಲ್ಲಿ ಕಾರ್ಮಿಕರ ಹೆಸರಿಲ್ಲ, ಬರೀ ನಂಬರು. ಹಳೆಯ ಕಾರ್ಖಾನೆಯನ್ನು ಒಂದೇ ದಿನ ಬಿಟ್ಟ ನಂಬರುಗಳೆಲ್ಲ ಮಾರನೇ ದಿನ ಹೊಸದರಲ್ಲಿದ್ದವು. "ಹೌದು, ಇದರಲ್ಲೂ ಹಾಗೇ ಇದೆ" ಎಂದು ಬಾಯಿ ತಪ್ಪಿ ಅಂದೆ. ಅವಳ ಮುಖ ಅರಳಿತು.

"ಹಂಗಾರೆ ನಾಳೆ ಶಿರ್ಸಿ ಲೇಬರ್ ಆಫೀಸಿಗೆ ಬನ್ನಿ ಮೇಡಂ, ನಂದು ವಿಚಾರಣೆ ಅದೆ. ಸಾಹೇಬ್ರ ಎದ್ರಿಗೆ ಇಷ್ಟು ಹೇಳಿ, ಸಾಕು."

ಯಾವ ಕಾರ್ಖಾನೆಯ ವಿಷಯವನ್ನೂ ಹೊರಗೆ ಹೇಳುವುದಿಲ್ಲವೆಂದು ಬರೆದುಕೊಟ್ಟ ಮೇಲೆಯೇ ನಮಗೆ ದಾಖಲೆ ಸಿಕ್ಕಿದ್ದು. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಅದನ್ನೇ ನಾಲ್ಕು ಬಗೆಯಲ್ಲಿ ಸುತ್ತಿ ಬಳಸಿ ವಿವರಿಸಿದೆ. ಅವಳು ಸಿಟ್ಟಾಗಲಿಲ್ಲ.

"ಮತ್ತೆ ಅಷ್ಟು ದೂರದಿಂದ ಬಂದದ್ದು ಎಂತಕ್ಕೆ?" ಎಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದೆ.

ಮೂರನೆಯ ದಿನ ಶಿರಸಿ ಕಚೇರಿಯ ಕಡೆ ಹೋಗದೆ, ಯಲ್ಲಾಪುರದ ಮೇಲೆ ಹಾದು ಊರಿಗೆ ಹೊರಟೆ. ಯಲ್ಲಾಪುರದಲ್ಲಿ ಇಳಿದು ನೋಡಿದರೆ ಪಟ್ಟಿಯಲ್ಲಿದ್ದ ಕಾರ್ಖಾನೆಯಲ್ಲಿ ಪೂಜೆ ನಡೆದಿತ್ತು. ಹೊಸ ಬೋರ್ಡಿಗೆ ಮಾವಿನ ತೋರಣ. ಹಳೆಯದನ್ನು ಗೋಡೆಗೆ ಒರಗಿಸಿದ್ದರು. ಹೆಂಗಸರು ತಂತಮ್ಮ ಮಣೆ ಹಿಡಿದು ಹೊರಗೆ ಕಾಯುತ್ತಿದ್ದರು. ಆ ಹೊತ್ತಿಗೆ ಮಾದೇವಿ ಸಾಹೇಬರ ಎದುರು ಒಬ್ಬಳೇ ನಿಂತಿರಬೇಕು.

ಮ್ಯಾನೇಜರು ನನಗೂ ಪೇಡೆ ಕೊಟ್ಟರು. "ಹೊಸ ಕಾರ್ಖಾನೆ ಮೇಡಂ, ಒಳ್ಳೇದಾಗ್ಲಿ ಅಂತ ಒಂದು ಮಾತು ಹೇಳಿ."

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಒಳ್ಳೇದಾಗಲಿ" ಎಂದೆ. ಹುಬ್ಬಳ್ಳಿ ಬಸ್ಸಿನಲ್ಲಿ ಕೂತ ಮೇಲೂ ಪೇಡೆ ಕೈಯಲ್ಲೇ ಇತ್ತು.